ಕೈ ಹಾಕುವ ಮೊದಲು

ಹೆರಿಗೆಗೆ ತಿಣುಕುತ್ತಿರುವ ಹಸುವಿನೊಳಗೆ ಕೈ ಹಾಕುವ ಮೊದಲು ನಾನು ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲುತ್ತೇನೆ. ಭುಜದವರೆಗೆ ಬರುವ ಪ್ಲಾಸ್ಟಿಕ್ ಗ್ಲೌಸ್ ತೊಟ್ಟು, ಅದರ ಮೇಲೆ ಸೋಪಿನ ನೀರು ಸುರಿಸಿಕೊಂಡು, ಬಾಲವನ್ನು ಮನೆಯವರ ಕೈಗೆ ಕೊಟ್ಟ ಮೇಲೆ. ಪಿರಿಯಾಪಟ್ಟಣ ತಾಲ್ಲೂಕಿನ ಈ ಮೂಲೆಗೆ ದನದ ಡಾಕ್ಟರಾಗಿ ಬಂದಾಗಿನಿಂದ ಹೀಗೇ ಮಾಡಿಕೊಂಡು ಬಂದಿದ್ದೇನೆ. ಅದು ಪ್ರಾರ್ಥನೆ ಎಂದು ಊರವರು ತಿಳಿದಿದ್ದಾರೆ. ನಾನೂ ಬಹಳ ಕಾಲ ಹಾಗೇ ತಿಳಿದಿದ್ದೆ.

ಈ ಅಭ್ಯಾಸ ಎಲ್ಲಿಂದ ಬಂತು ಎಂಬುದು ನನಗೆ ಖಚಿತವಿಲ್ಲ. ಹೆಂಡತಿಗೆ ನಾನು ಹೇಳುತ್ತಿದ್ದ ಕಥೆ ಒಂದಿತ್ತು. ಹುಣಸೂರಿನಲ್ಲಿ ನಮ್ಮ ತಾಯಿ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದರು. ಹೊಸ ಬಟ್ಟೆಗೆ ಕತ್ತರಿ ಇಡುವ ಮೊದಲು ಅವರು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. ಬೇರೆಯವರ ಬಟ್ಟೆ, ತಪ್ಪಾಗಿ ಕತ್ತರಿಸಿದರೆ ಮತ್ತೆ ಕೂಡಿಸಲಾಗದು ಎಂಬ ಭಯ. ಅದನ್ನು ನೋಡಿ ನೋಡಿ ನನಗೂ ಬಂತು ಎಂಬುದು ನನ್ನ ಕಥೆ. ತಾಯಿ ತೀರಿಕೊಂಡ ಮೇಲೆ ಒಮ್ಮೆ ಇದನ್ನೇ ಫೋನಿನಲ್ಲಿ ಅಕ್ಕನಿಗೆ ಹೇಳಿದಾಗ ಅವಳು ನಕ್ಕುಬಿಟ್ಟಳು.

"ಪ್ರಾರ್ಥನೆ ಎಲ್ಲಿ ಬಂತೋ? ಅಮ್ಮ ಅಳತೆ ನೆನೆಸ್ಕೋತಿದ್ರು. ತೋಳು ಎಷ್ಟು, ಎದೆ ಎಷ್ಟು ಅಂತ. ಬರೆದಿಟ್ಕೊಳ್ಳೋ ಅಭ್ಯಾಸ ಇರಲಿಲ್ವಲ್ಲ ಅವರಿಗೆ."

ಅಕ್ಕ ನನಗಿಂತ ದೊಡ್ಡವಳು, ಅವಳಿಗೆ ಗೊತ್ತಿರಬಹುದು. ಅಮ್ಮ ಎರಡನ್ನೂ ಒಟ್ಟಿಗೇ ಮಾಡುತ್ತಿದ್ದಿರಲೂಬಹುದು. ಓದುವ ದಿನಗಳಿಂದ ನಾನು ದಿನಚರಿ ಬರೆಯುತ್ತಿದ್ದೇನೆ. ಅದರಲ್ಲಿ ಮಳೆ ಬಂದದ್ದಿದೆ, ಹಸುಗಳ ಜ್ವರ ಇದೆ, ಹುಣಸೂರಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತದ್ದೂ ಇದೆ. ಕಣ್ಣು ಮುಚ್ಚಿದ್ದರ ಬಗ್ಗೆ ಒಂದು ಸಾಲೂ ಇಲ್ಲ. ದಿನಾ ಮಾಡುವುದನ್ನು ಯಾರೂ ಬರೆದಿಡುವುದಿಲ್ಲವೇನೋ.

ಊರವರಿಗೆ ಮಾತ್ರ ಅನುಮಾನವಿರಲಿಲ್ಲ. ನಾನು ಓಡಾಡುವ ಹಳ್ಳಿಗಳಲ್ಲಿ ನಮ್ಮದೊಂದು ಬಿಟ್ಟರೆ ಕ್ರೈಸ್ತರ ಮನೆ ಇಲ್ಲ. ಮೊದಮೊದಲು ನಾನು ಕಣ್ಣು ಮುಚ್ಚಿದರೆ ಡಾಕ್ಟರಿಗೆ ತಲೆಸುತ್ತು ಬಂತೇನೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಬರುಬರುತ್ತಾ ಅದೂ ಚಿಕಿತ್ಸೆಯ ಭಾಗವಾಯಿತು. ನಾನು ನಿಂತ ಕೂಡಲೇ ಗಂಡಸರು ತಲೆಗೆ ಸುತ್ತಿದ ಟವಲ್ ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಾರೆ, ಸೇದುತ್ತಿದ್ದ ಬೀಡಿ ಆರಿಸುತ್ತಾರೆ. ಹೆಂಗಸರು ಸೆರಗು ಹೊದೆಯುತ್ತಾರೆ. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಸೊಪ್ಪು ಒಣಗಿಸುವ ಪಕ್ಕದ ಬ್ಯಾರನ್ನಿನ ಒಲೆಗೆ ಸೌದೆ ತಳ್ಳುತ್ತಿರುವವನೂ ಕೈ ತಡೆದು ನಿಂತದ್ದನ್ನು ನೋಡಿದ್ದೇನೆ. ನೋಡಿದ್ದೇನೆ ಎಂದರೆ, ಕಣ್ಣು ತೆರೆದ ಮೇಲೆ.

ಆಸ್ಪತ್ರೆಯ ಸಹಾಯಕ ಇದೇ ತಾಲ್ಲೂಕಿನವನು, ನನ್ನದೇ ವಯಸ್ಸು. ಅವನಿಗೆ ಇದೆಲ್ಲ ಹೆಮ್ಮೆಯೂ ಹೌದು, ತಮಾಷೆಯೂ ಹೌದು.

"ಸಾ, ಆಚೆ ಹೋಬಳಿ ಡಾಕ್ಟ್ರು ಕೇಳ್ತಿದ್ರು. ನಿಮ್ಮೋರು ಅದೇನೋ ಮಂತ್ರ ಆಕ್ತಾರಂತಲ್ಲಯ್ಯ ಅಂತ. ಮಂತ್ರ ಅಲ್ಲ ಕಣ್ ಸಾ, ಪ್ರೇಯರು ಅಂದೆ. ಗೌರ್ಮೆಂಟ್ ಸಪ್ಲೈ ಇಲ್ಲ, ಅವ್ರೇ ಮನೇಲಿ ಮಾಡ್ಕಂಡು ತತ್ತಾರೆ ಅಂದೆ."

ಮನೆಯಲ್ಲಿ ಮಾಡುತ್ತಿದ್ದವಳು ನನ್ನ ಹೆಂಡತಿ. ನಮಗೆ ಮಕ್ಕಳಿಲ್ಲ. ಆಸ್ಪತ್ರೆ ಮುಚ್ಚಿದ ಮೇಲೆ ಬರುವ ಫೋನುಗಳನ್ನು ಅವಳೇ ಎತ್ತುತ್ತಿದ್ದಳು. ಯಾವ ಊರು, ಮನೆ ಎಲ್ಲಿ, ಎಷ್ಟನೇ ಸೂಲು ಎಂದು ಕೇಳಿ ನನಗೆ ಹೇಳುತ್ತಿದ್ದಳು. ನಾನು ಬೈಕ್ ಹೊರಡಿಸುವಾಗ ಗೇಟಿನವರೆಗೆ ಬಂದು, "ಹೋಗ್ಬನ್ನಿ, ನಾನು ಕೂತಿರ್ತೀನಿ" ಎನ್ನುತ್ತಿದ್ದಳು. ವರಾಂಡದಲ್ಲಿ ಒಂದು ಬೆತ್ತದ ಕುರ್ಚಿ ಇದೆ. ನಾನು ಹಿಂದಿರುಗುವವರೆಗೆ ಅದರಲ್ಲಿ ಕೂತಿರುತ್ತಿದ್ದಳು. ಕಾಲಕ್ಕೆ ತಕ್ಕಂತೆ ಅವರೆಕಾಯಿ ಸುಲಿಯುತ್ತಲೋ ಅಕ್ಕಿ ಆರಿಸುತ್ತಲೋ ಇರುತ್ತಿದ್ದಳು, ಆದರೆ ತುಟಿ ಅಲುಗುತ್ತಿರುತ್ತಿತ್ತು. ಒಮ್ಮೆ ಕೇಳಿದೆ.

"ಅಷ್ಟು ಹೊತ್ತು ಏನ್ ಕೇಳ್ಕೋತೀಯ?"

"ಕೇಳೋದೇನು, ದಾರಿ ಹೇಳ್ತಿರ್ತೀನಿ."

"ಯಾರಿಗೆ?"

"ದೇವರಿಗೆ. ಬೆಟ್ಟದಪುರದ ರೋಡಲ್ಲಿ ಹೋಗು ತಂದೆ, ಹಾಲಿನ ಡೈರಿ ದಾಟಿದ ಮೇಲೆ ಎಡಕ್ಕೆ ತಿರುಗು, ನೀರಿನ ಟ್ಯಾಂಕ್ ಹತ್ರ ಹೆಂಚಿನ ಮನೆ, ಕೊಟ್ಟಿಗೆ ಹಿಂದುಗಡೆ ಇದೆ ಅಂತ. ಫೋನಲ್ಲಿ ಅವರು ನಂಗೆ ಹೇಳಿರ್ತಾರಲ್ಲ, ಅದನ್ನೇ ಹೇಳ್ತೀನಿ."

"ಅವನಿಗೆ ದಾರಿ ಗೊತ್ತಿರಲ್ವೇನೇ?"

"ಗೊತ್ತಿರುತ್ತೆ. ನನಗೆ ಹೇಳಕ್ಕೆ ಏನಾದ್ರೂ ಬೇಕಲ್ಲ."

ನನಗೆ ನಗು ಬಂತು. ದೇವರಿಗೇ ಕಂಡಕ್ಟರ್ ಆಗಿಬಿಟ್ಟೆ ನೀನು ಎಂದು ಎಷ್ಟೋ ದಿನ ರೇಗಿಸಿದೆ. ನಾನು ಓದಿದವನು, ನನ್ನ ಪ್ರಾರ್ಥನೆಯಲ್ಲಿ ಚಿತ್ತ, ಕೃಪೆ, ಸಮರ್ಪಣೆ ಮುಂತಾದ ಮಾತುಗಳಿರುತ್ತಿದ್ದವು. ಇದ್ದವು ಎಂದುಕೊಂಡಿದ್ದೇನೆ.

ಹಿಂದಿನ ಮಳೆಗಾಲಕ್ಕೂ ಹಿಂದಿನ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಮೈಸೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಕೆಲವು ವಾರ ಇದ್ದಳು. ಡಾಕ್ಟರುಗಳು ಮಾಡಬಹುದಾದದ್ದನ್ನೆಲ್ಲ ಮಾಡಿದರು, ರೋಗವೇ ಅಂಥದು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ನಾನು ನನಗೆ ಬರುವ ಅಚ್ಚುಕಟ್ಟಾದ ಮಾತುಗಳಲ್ಲೇ ಪ್ರಾರ್ಥಿಸಿದೆ. ಆಮೇಲೆ ನಿಂತುಹೋಯಿತು. ದೇವರ ಮೇಲೆ ಸಿಟ್ಟು ಬಂತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಸಿಟ್ಟು ಬಂದ ನೆನಪಿಲ್ಲ. ಕಣ್ಣು ಮುಚ್ಚಿದರೆ ಒಳಗೆ ಏನೂ ಇರುತ್ತಿರಲಿಲ್ಲ, ಹಸು ಮಾರಿದ ಮೇಲಿನ ಕೊಟ್ಟಿಗೆಯ ಹಾಗೆ. ಗೂಟ ಇದೆ, ಹಗ್ಗ ಇದೆ, ಬಾನಿಯಲ್ಲಿ ನೀರೂ ಇದೆ.

ಭಾನುವಾರ ಹುಣಸೂರಿನ ದೇವಾಲಯಕ್ಕೆ ಹೋಗುವುದನ್ನು ಬಿಡಲಿಲ್ಲ. ಎಲ್ಲರ ಜೊತೆ ನಿಲ್ಲುತ್ತೇನೆ, ಎಲ್ಲರ ಜೊತೆ ಕೂರುತ್ತೇನೆ. ಆರಾಧನೆ ಮುಗಿದ ಮೇಲೆ ಸಭೆಯವರು ಬಂದು ಕೈಕುಲುಕಿ, ಅಡುಗೆಗೆ ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ಅನ್ನ ಸಾರು ಎನ್ನುತ್ತೇನೆ. ಒಮ್ಮೆ ಸಭೆಯ ಪಾದ್ರಿ, ನಮ್ಮ ಅಯ್ಯನವರಿಗೆ ಎಲ್ಲ ಹೇಳಿಕೊಳ್ಳೋಣ ಎಂದು ಬಾಗಿಲಲ್ಲಿ ಕಾದೆ. ಅವರಿಗೆ ಅಂದು ಕೆ.ಆರ್. ನಗರದ ಕಡೆ ಇನ್ನೊಂದು ಆರಾಧನೆ ನಡೆಸುವುದಿತ್ತು, ಕೈಯಲ್ಲಿ ಹೆಲ್ಮೆಟ್ ಹಿಡಿದೇ ಮಾತಾಡಿದರು. "ಧೈರ್ಯವಾಗಿದ್ದೀರಲ್ಲ ಡಾಕ್ಟ್ರೇ, ಅಷ್ಟು ಸಾಕು" ಎಂದರು. ಹೌದು ಎಂದೆ. ಬಸ್ಸು ಹತ್ತಿ ಬಂದು ಬೀಗ ತೆಗೆದು ದೀಪ ಹಾಕಿದೆ. ಆ ಕುರ್ಚಿಯ ಮೇಲೆ ಆಗಲೇ ಹಳೆಯ ಪೇಪರುಗಳು ಸೇರಿಕೊಂಡಿದ್ದವು.

ನನ್ನನ್ನು ಹಿಂಡುತ್ತಿದ್ದದ್ದು ಕೊಟ್ಟಿಗೆಗಳು. ಅಲ್ಲಿ ನಾನು ಈಗಲೂ ಕಣ್ಣು ಮುಚ್ಚುತ್ತಿದ್ದೆ, ಯಾಕೆಂದರೆ ಜನ ಅದಕ್ಕಾಗಿ ಕಾಯುತ್ತಿದ್ದರು. ಏನೂ ಇಲ್ಲದ ಒಂದು ಗಳಿಗೆಗೆ ಅವರು ತಲೆಯ ಟವಲ್ ತೆಗೆಯುತ್ತಿದ್ದರು. ಇದು ಮೋಸ ಎನಿಸಲು ಶುರುವಾಯಿತು. ಪ್ರಾರ್ಥನೆ ಮರಳಿ ಬರಬೇಕು, ಇಲ್ಲವೇ ಕಣ್ಣು ಮುಚ್ಚುವುದು ನಿಲ್ಲಬೇಕು. ಬರುವುದು ನನ್ನ ಕೈಯಲ್ಲಿರಲಿಲ್ಲ. ನಿಲ್ಲಿಸುವುದು ಕೈಯಲ್ಲಿತ್ತು.

ನಿಲ್ಲಿಸಬೇಕೆಂದುಕೊಂಡ ಮೇಲೆ ಬಂದ ಮೊದಲ ಕಷ್ಟದ ಹೆರಿಗೆ ಒಬ್ಬ ಹೆಂಗಸಿನ ಸೀಮೆ ಹಸುವಿನದು. ನನಗೆ ಹಳೆಯ ಪರಿಚಯದ ಮನೆ. ಗಂಡ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯಲ್ಲಿ ಬೇಲು ಹೊರುವ ಕೆಲಸಕ್ಕೆ ಹೋಗುತ್ತಾನೆ. ಹಸು, ಡೈರಿ, ಹಾಲು ಎಲ್ಲ ಆಕೆಯದೇ. ಇಬ್ಬನಿ ಇನ್ನೂ ಆರಿರದ ಬೆಳಗ್ಗೆ ನಾನೂ ಸಹಾಯಕನೂ ಹೋದೆವು. ಹಸು ಮಲಗಿ ಏಳುತ್ತಿತ್ತು, ಎದ್ದು ಮಲಗುತ್ತಿತ್ತು.

"ನೆನ್ನೆ ಸಂಜೆಯಿಂದ ತಿಣುಕ್ತಾ ಅವ್ಳೆ ಸಾ. ಕಾಲು ಬಂದದೆ, ತಲೆ ಕಾಣೆ."

"ಸಂಜೆಯೇ ಫೋನ್ ಮಾಡ್ಬೇಕಿತ್ತಲ್ಲಮ್ಮ."

"ಒಬ್ರೇ ಇದ್ದೀರಿ, ಕತ್ತಲಾದ್ಮೇಲೆ ಯಾಕೆ ಎಬ್ಸದು ಅಂತ ಸುಮ್ಕಾದೆ. ಮುಂಚೆ ಆಗಿದ್ರೆ ಅಮ್ಮೋರು ಫೋನ್ ಎತ್ತೋರು. ಬತ್ತಾರೆ ಇರವ್ವಾ ಅನ್ನೋರು. ಅದು ಕೇಳ್ತಿದ್ದಂಗೇ ನಮ್ಗೆ ಅರ್ಧ ಜೀವ ಬರದು."

ನಾನು ಗ್ಲೌಸ್ ತೊಟ್ಟೆ. ಸೋಪಿನ ನೀರು ಸುರಿಸಿಕೊಂಡೆ. ಬಾಲವನ್ನು ಆಕೆಯ ಕೈಗೆ ಕೊಟ್ಟು ನೇರವಾಗಿ ಕೈ ಮುಂದೆ ಮಾಡಿದೆ.

"ತಡೀರಿ ಸಾ."

"ಏನಮ್ಮ?"

"ಪ್ರೇಯರು ಏಳ್ಕಂಡಿಲ್ವಲ್ಲ ನೀವು."

ಸಹಾಯಕ ಹಸುವಿನ ಹಿಂಗಾಲಿಗೆ ಹಗ್ಗ ಬಿಗಿಯುತ್ತಿದ್ದವನು ತಲೆ ಎತ್ತಲಿಲ್ಲ.

"ಇವತ್ತು ಬೇಡಮ್ಮ, ಆಗ್ಲೇ ಹೊತ್ತಾಗಿದೆ."

"ರಾತ್ರೆಲ್ಲ ತಡ್ಕಂಡವ್ಳೆ, ಇನ್ನೊಂದ್ ಗಳಿಗೆ ತಡ್ಕತಾಳೆ ಬುಡಿ. ಏಳ್ಕಳಿ."

ಮೊಣಕೈಯಿಂದ ಸೋಪಿನ ನೀರು ತೊಟ್ಟಿಕ್ಕುತ್ತಿತ್ತು. ಸುಳ್ಳು ಹೇಳಿ ಮುಗಿಸಬಹುದಿತ್ತು. ಯಾಕೋ ಬಾಯಿಗೆ ಬಂದದ್ದು ನಿಜ.

"ನಾನು ಏನೂ ಹೇಳ್ಕೊಳ್ಳಲ್ಲಮ್ಮ. ಅವಳು ಹೋದ ಮೇಲೆ ಏನೂ ಹೇಳ್ಕೊಂಡೇ ಇಲ್ಲ. ಸುಮ್ನೆ ಕಣ್ಣು ಮುಚ್ಚಿ ನಿಂತಿರ್ತೀನಿ, ಅಷ್ಟೇ."

ಆಕೆ ಬಾಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು.

"ನೀವು ಏನ್ ಏಳ್ಕತ್ತೀರೋ ಬುಡ್ತೀರೋ ನಂಗೇನ್ ಗೊತ್ತು ಸಾ? ನೀವು ನಿಂತಾಗ ನಾ ಏಳ್ಕತ್ತಿದ್ದೆ. ನಮ್ಮೂರಮ್ಮಂಗೆ. ಇವ್ಳು ಇಂಗೆ ನರಳ್ತಾ ಇದ್ರೆ ಕೈಕಾಲೇ ಆಡಲ್ಲ, ಬಿಸ್ನೀರ್ ತಾ, ಅಗ್ಗ ತಾ ಅಂತ ಓಡಾಡದೇ ಆಗ್ತದೆ. ಆ ಗಳಿಗೇಲಿ ಒಸಿ ಏಳ್ಕಂಡ್ರೆ ಸಮಾಧಾನ. ನೀವು ನಿಲ್ದೆ ಓದ್ರೆ ನಾ ಯಾವಾಗ ಏಳ್ಕಳ್ಳಿ?"

"ನಾನೂ ಏಳ್ಕತ್ತೀನಿ ಸಾ" ಎಂದ ಸಹಾಯಕ, ಹಗ್ಗದ ಗಂಟು ನೋಡುತ್ತಲೇ. "ಇವ್ಳು ಒದೀದಂಗೆ ನೋಡ್ಕಳಪ್ಪಾ ಅಂತ."

"ಒದ್ದವ್ಳಾ ಯಾವತ್ತಾದ್ರೂ ನಮ್ಮೋಳು?"

"ನಿಮ್ಮೋಳು ಒದ್ದಿಲ್ಲ ಕಣವ್ವ. ಏಳ್ಕಂಡಿದ್ಕೇ ಒದ್ದಿಲ್ಲ."

ನಾನು ಕಣ್ಣು ಮುಚ್ಚಿ ನಿಂತೆ. ಹಸುವಿನ ಉಸಿರು ಕೇಳಿಸುತ್ತಿತ್ತು. ಅದರ ಹಿಂದೆ ಆಕೆಯ ಪಿಸುಮಾತು, ಒಂದೇ ಹೆಸರನ್ನು ಮತ್ತೆ ಮತ್ತೆ ಕರೆಯುತ್ತಿದ್ದದ್ದು. ಇಷ್ಟು ವರ್ಷ ಆ ಸದ್ದು ನನ್ನ ಕಿವಿಗೆ ಬಿದ್ದಿರಲಿಲ್ಲವೋ, ಬಿದ್ದೂ ಮರೆತಿದ್ದೆನೋ ಹೇಳಲಾರೆ. ಆ ಕೊಟ್ಟಿಗೆಯಲ್ಲಿ ಎಲ್ಲರೂ ಹೇಳಿಕೊಳ್ಳುತ್ತಿದ್ದರು. ಪ್ರಾರ್ಥನೆ ಡಾಕ್ಟ್ರು ಎಂದು ಹೆಸರಾದವನೊಬ್ಬನೇ ಏನೂ ಇಲ್ಲದೆ ನಿಂತಿದ್ದ. ಕೆಲವೇ ಉಸಿರಿನಷ್ಟು ಹೊತ್ತು. ಮನೆಯಲ್ಲಿ ಒಬ್ಬನೇ ಇದ್ದಾಗಲೂ ಅಷ್ಟು ಒಂಟಿ ಎನಿಸಿರಲಿಲ್ಲ.

ಕರುವಿನ ತಲೆ ಹಿಂದಕ್ಕೆ ತಿರುಗಿಕೊಂಡಿತ್ತು. ಕರುವನ್ನು ಒಳಕ್ಕೆ ತಳ್ಳಿ, ದವಡೆಗೆ ಬೆರಳು ಸಿಕ್ಕಿಸಿ ತಲೆಯನ್ನು ಮುಂದಕ್ಕೆ ತರುವಷ್ಟರಲ್ಲಿ ನನ್ನ ತೋಳು ಜೋಮು ಹಿಡಿದಿತ್ತು. ಕರುವಿನ ಕಾಲಿಗೆ ಕಟ್ಟಿದ ಹಗ್ಗವನ್ನು ಸಹಾಯಕ ಎಳೆದ. ಕರು ಹೊರಗೆ ಬಂತು, ಜೀವ ಇರಲಿಲ್ಲ. ಮೂಗಿನ ಲೋಳೆ ತೆಗೆದು, ಎದೆ ತಿಕ್ಕಿ, ಹಿಂಗಾಲು ಹಿಡಿದು ತೂಗಿ ನೋಡಿದೆವು.

"ಓಗ್ಬುಡ್ತಾ?"

"ಹೋಗಿದೆಯಮ್ಮ."

"ಎಣ್ಣು ಕರ." ಆಕೆ ಬಗ್ಗಿ ಅದರ ಹಣೆಯ ಬಿಳಿ ಬೊಟ್ಟನ್ನು ಮುಟ್ಟಿದಳು. "ತಾಯಿ ಉಳ್ಕಂಡ್ಲಲ್ಲ, ಬುಡಿ."

ಸಂಜೆಯೇ ಕರೆದಿದ್ದರೆ ಕರು ಬದುಕುತ್ತಿತ್ತೇ? ಬದುಕುತ್ತಿತ್ತು ಎಂದು ಖಂಡಿತವಾಗಿ ಹೇಳಲಾಗುವುದಿಲ್ಲ. ಬದುಕುತ್ತಿರಲಿಲ್ಲ ಎಂದೂ ಹೇಳಲಾಗುವುದಿಲ್ಲ. ನನಗೆ ತೊಂದರೆ ಕೊಡಬಾರದೆಂದು ಆಕೆ ಒಂದು ರಾತ್ರಿ ಕಾದಿದ್ದಳು. ಆಕೆ ಚೊಂಬಿನಿಂದ ನನ್ನ ತೋಳಿಗೆ ಬಿಸಿನೀರು ಹೊಯ್ಯುತ್ತಿದ್ದಾಗ, ಇನ್ನು ಮೇಲೆ ಯಾವ ಹೊತ್ತಾದರೂ ಫೋನ್ ಮಾಡಿ ಎಂದೆ. ಆಕೆ ತಲೆಯಾಡಿಸಿದಳು. ಕಸ, ಎಂದರೆ ಮಾಸು, ಬಿದ್ದ ಮೇಲೆ ಹಸುವಿಗೆ ಏನು ಕೊಡಬೇಕೆಂದು ಹೇಳಿ ಹೊರಟೆವು.

ಬರುವಾಗ ದಾರಿಯಲ್ಲಿ ಬೈಕ್ ನಿಲ್ಲಿಸಿದ್ದು ನೆನಪಿದೆ. ಸಹಾಯಕ ಹಿಂದೆ ಕೂತಿದ್ದವನು, ಪೆಟ್ರೋಲ್ ಆಯ್ತಾ ಸಾ ಎಂದ. ಇಲ್ಲ ಎಂದೆ. ನನಗೆ ಹೊಳೆದದ್ದು ಇಷ್ಟು: ಕಣ್ಣು ಮುಚ್ಚಿದಾಗಲೆಲ್ಲ ನಾನು ದೇವರ ಕಡೆ ನೋಡುತ್ತಿರಲಿಲ್ಲ, ವರಾಂಡದ ಕಡೆ ನೋಡುತ್ತಿದ್ದೆ. ಅಲ್ಲೊಬ್ಬಳು ನೀರಿನ ಟ್ಯಾಂಕಿನ ಹತ್ತಿರದ ಹೆಂಚಿನ ಮನೆಗೆ ದಾರಿ ಹೇಳುತ್ತಾ ಕೂತಿದ್ದಾಳೆ ಎಂಬುದು ಗೊತ್ತಿತ್ತು. ಆ ಗೊತ್ತಿರುವಿಕೆಯೇ ನನ್ನ ಪ್ರಾರ್ಥನೆಯಾಗಿತ್ತು. ಚಿತ್ತ, ಕೃಪೆ ಎಂಬ ಮಾತುಗಳನ್ನು ಕೊಟ್ಟಿಗೆಯಲ್ಲಿ ನಾನು ನಿಜಕ್ಕೂ ಆಡಿದ್ದೆನೇ ಅಥವಾ ಆಮೇಲೆ ಸೇರಿಸಿಕೊಂಡೆನೇ ಎಂಬುದು ಈಗ ತಿಳಿಯುವಂತಿಲ್ಲ. ಹೊಳೆದದ್ದು ಸಮಾಧಾನವನ್ನೇನೂ ತರಲಿಲ್ಲ. ಅವಳ ಮೇಲೆ ನನ್ನ ಭಕ್ತಿಯ ಭಾರವನ್ನೆಲ್ಲ ಹೇರಿ ಓಡಾಡಿದವನಿಗೆ ಈಗ ಭಕ್ತಿಯೂ ಇರಲಿಲ್ಲ, ಅವಳೂ ಇರಲಿಲ್ಲ.

ಕೊಟ್ಟಿಗೆಗಳಲ್ಲಿ ಕಣ್ಣು ಮುಚ್ಚುವುದನ್ನು ಮುಂದುವರಿಸಿದೆ. ಮೋಸ ಎನಿಸುವುದು ನಿಂತಿತು. ಅವರಿಗೊಂದು ಗಳಿಗೆ ಬೇಕು, ಕೊಡುತ್ತೇನೆ ಎಂದುಕೊಂಡೆ. ನನ್ನದು ಮಾತ್ರ ಇದ್ದಲ್ಲೇ ಇತ್ತು.

ಮಾವಿನ ಕಾಯಿ ಬಲಿಯುವ ಹೊತ್ತಿಗೆ ಒಂದು ದಿನ ಅದೇ ಹೆಂಗಸು ಆಸ್ಪತ್ರೆಗೆ ಬಂದಳು. ಹಸುವಿಗೆ ಜಂತಿನ ಔಷಧಿ ತೆಗೆದುಕೊಂಡ ಮೇಲೂ ಹೋಗದೆ ಬಾಗಿಲಿಗೆ ಒರಗಿ ನಿಂತಳು.

"ಬರೋ ವಾರ ಮೈಸೂರ್ಗೆ ಓಗ್ತಾ ಇವ್ನಿ ಸಾ. ಒಟ್ಟೇಲಿ ಗಡ್ಡೆ ಅದೆಯಂತೆ, ಆಪ್ರೇಸನ್ನು."

ಯಾವ ಆಸ್ಪತ್ರೆ ಎಂದು ಕೇಳಿದೆ. ಹೇಳಿದಳು. ನನ್ನ ಹೆಂಡತಿ ಇದ್ದದ್ದೂ ಅಲ್ಲಿಯೇ.

"ಗೊತ್ತಾ ಸಾ ಅದು?"

"ಗೊತ್ತು. ಚೆನ್ನಾಗಿ ನೋಡ್ಕೋತಾರೆ."

"ಅಸೂಗೆ ನಿಂತ್ಕತ್ತೀರಲ್ಲ, ಅಂಗೇ ನಂಗೂ ಒಸಿ ನಿಂತ್ಕಳಿ ಅವತ್ತು."

"ನಾನು ಅವತ್ತೇ ಹೇಳಿದ್ನಲ್ಲಮ್ಮ. ನೀವೇ ಹೇಳ್ಕೊಳ್ಳಿ, ಚೆನ್ನಾಗಿ ಹೇಳ್ಕೋತೀರಿ."

"ಅದೇ ಸಾ ತೊಂದ್ರೆ. ಮಂಪ್ರು ಕೊಡ್ತಾರಂತೆ, ಏನೂ ಗ್ಯಾನ ಇರದಿಲ್ವಂತೆ. ನಾ ಎಂಗ್ ಏಳ್ಕಳ್ಳಿ ಆವಾಗ? ನಮ್ಮೆಜಮಾನ್ರಿಗೆ ಏಳಿದ್ರೆ ಮಲೀಕತ್ತಾರೆ. ಅದ್ಕೇ ನಿಮ್ಗೆ ಏಳ್ತಾ ಇರೋದು."

ಹಿಂದಿನಿಂದ ಸಹಾಯಕ ಅಂದ: "ಡಾಕ್ಟ್ರು ದನಕ್ಕೆ ಕಣವ್ವ, ಮನ್ಸ್ರಿಗಲ್ಲ."

"ದನಾನೇ ಅನ್ಕಳ್ಳಿ ಬುಡ್ಲಾ" ಎಂದಳು ಆಕೆ. ನಕ್ಕಳು, ಆದರೆ ಬಾಗಿಲು ಬಿಟ್ಟು ಕದಲಲಿಲ್ಲ. ಆಗಲಿ ಎಂದ ಮೇಲೆಯೇ ಹೋದದ್ದು.

ಆಪರೇಷನ್ನಿನ ದಿನ ಬೆಳಗ್ಗೆ ನಾನು ರಜೆ ಹಾಕಿದೆ. ವರಾಂಡದ ಕುರ್ಚಿಯ ಮೇಲಿನ ಪೇಪರುಗಳನ್ನು ತೆಗೆದು ಕೆಳಗಿಟ್ಟೆ, ಧೂಳು ಒರೆಸಿದೆ. ಹೆಂಡತಿ ಹೋದ ಮೇಲೆ ನಾನು ಅದರಲ್ಲಿ ಕೂತಿರಲಿಲ್ಲ. ಅವಳಿದ್ದಾಗ ಕೂತಿದ್ದೆನೇ ಎಂಬುದೂ ನೆನಪಿಲ್ಲ. ಅಲ್ಲಿಂದ ಗೇಟು ಕಾಣುತ್ತದೆ, ಗೇಟಿನಾಚೆ ರಸ್ತೆ ತಿರುಗುವವರೆಗೂ ಕಾಣುತ್ತದೆ. ಅಷ್ಟು ಕಾಣುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ತಂದೆಯೇ ಎಂದೆ. ಮುಂದಕ್ಕೆ ಹೋಗಲಿಲ್ಲ. ಹಳೆಯ ಅಚ್ಚುಕಟ್ಟಾದ ಮಾತುಗಳು ಮೈಸೂರಿನ ಆ ಬೆಂಚಿನ ಮೇಲೆಯೇ ಮುಗಿದುಹೋಗಿದ್ದವು. ಬೇರೆ ಏನೂ ಗೊತ್ತಿರಲಿಲ್ಲವಾದ್ದರಿಂದ ದಾರಿ ಹೇಳಲು ಶುರುಮಾಡಿದೆ.

ಮೈಸೂರಿಗೆ ಹೋಗು. ಬಸ್ ನಿಲ್ದಾಣದಿಂದ ಆಟೋ ಬೇಡ, ನಡೆದೇ ಹೋಗಬಹುದು. ಗೇಟಿನ ಹತ್ತಿರ ಎಳನೀರಿನ ಗಾಡಿ ಇರುತ್ತದೆ. ಒಳಗೆ ಹೋಗಿ ಬಲಕ್ಕೆ ತಿರುಗಿದರೆ ಔಷಧಿ ಅಂಗಡಿಯ ಸಾಲು, ಅದರ ಪಕ್ಕದಲ್ಲೇ ಮೆಟ್ಟಿಲು. ಲಿಫ್ಟಿಗೆ ಕಾಯಬೇಡ, ಅದರ ಮುಂದೆ ಯಾವಾಗಲೂ ಸ್ಟ್ರೆಚರಿನವರು ನಿಂತಿರುತ್ತಾರೆ. ಮೂರನೇ ಮಹಡಿ. ಕುಡಿಯುವ ನೀರಿನ ಫಿಲ್ಟರ್ ದಾಟಿದರೆ ಒಂದು ಬೆಂಚು ಇದೆ, ಅದರ ಒಂದು ಹಲಗೆ ಸಡಿಲವಾಗಿದೆ.

ಅಲ್ಲಿ ಸಿಕ್ಕಿಹಾಕಿಕೊಂಡೆ. ಮೂರನೇ ಮಹಡಿಯೇ? ಬೆಂಚಿನ ಎದುರಿನ ಕಿಟಕಿಯಲ್ಲಿ ಒಂದು ಮರದ ತುದಿ ಕಾಣುತ್ತಿತ್ತು, ಹಕ್ಕಿ ಕೂತರೆ ನನ್ನ ಕಣ್ಣಿನ ಮಟ್ಟಕ್ಕೆ ಇರುತ್ತಿತ್ತು. ಅಷ್ಟು ಎತ್ತರದ ಮರವೇ ಅದು? ಅಲ್ಲವಾದರೆ ಎರಡನೆಯದಿರಬೇಕು. ದಿನಕ್ಕೆ ಎಷ್ಟೋ ಸಲ ಹತ್ತಿ ಇಳಿದ ಮೆಟ್ಟಿಲು. ಎಂದೂ ಮರೆಯುವುದಿಲ್ಲ ಎಂದುಕೊಂಡ ಜಾಗ. ನನಗೆ ಗಾಬರಿಯಾಯಿತು. ಮಂಪರಿನಲ್ಲಿ ಮಲಗಿದ ಒಬ್ಬಳನ್ನು ನನ್ನ ಮಾತಿಗೆ ಬಿಟ್ಟಿದ್ದರು, ನಾನು ತಪ್ಪು ಮಹಡಿ ಹೇಳಿಬಿಟ್ಟಿದ್ದೆ.

ಯಾವ ಮಹಡಿ ಎಂದು ನನಗೆ ಸರಿಯಾಗಿ ನೆನಪಿಲ್ಲ ತಂದೆ, ಎಂದೆ. ಈ ಸಲ ಧ್ವನಿ ಹೊರಗೆ ಬಂತು. ಅಲ್ಲಿ ಯಾರನ್ನಾದರೂ ಕೇಳು, ಹೇಳುತ್ತಾರೆ.

ಬಿಸಿಲು ವರಾಂಡದ ಅಂಚಿಗೆ ಬಂದು ಕಾಲು ಸುಡತೊಡಗಿದರೂ ಏಳಲಿಲ್ಲ. ಮಧ್ಯಾಹ್ನ ಫೋನ್ ಬಂತು. ಆಕೆಯ ಗಂಡ.

"ಆಚೆ ತಂದ್ರು ಸಾ. ಕಣ್ ಬುಟ್ಟವ್ಳೆ. ಅಸೂಗೆ ನೀರ್ ಇಟ್ರಾ ಅಂತ ಕೇಳದ್ಲು ಸಾ, ಮೊದಲ್ನೇ ಮಾತು."

ಒಳ್ಳೆಯದಾಯಿತು ಎಂದೆ. ಇನ್ನೇನು ಇಡಬೇಕು ಎನ್ನುವಾಗ ಕೇಳಿಬಿಟ್ಟೆ.

"ಎಷ್ಟನೇ ಮಹಡೀಲಿ ಇದ್ದೀರಿ?"

"ಎಲ್ಡನೇದು ಸಾ. ನೀರಿನ್ ಫಿಲ್ಟರ್ ಅದೆಯಲ್ಲ, ಅದ್ರ ಪಕ್ಕ. ಯಾಕ್ ಸಾ, ಬತ್ತಾ ಇದ್ದೀರಾ?"

ಅಲ್ಲಿಗೆ ಮತ್ತೆ ಹೋಗುವ ಯೋಚನೆ ನನಗೆ ಅದುವರೆಗೆ ಬಂದಿರಲಿಲ್ಲ.

"ನಾಳೆ ಬರ್ತೀನಿ" ಎಂದೆ.